ಗಾಳಿಯಲ್ಲಿ ಕುಳಿತವರು

ನಮ್ಮೂರಿನ ರಥೋತ್ಸವದ ಮರುದಿನ ಜಾತ್ರೆಯ ಬಯಲಿನಲ್ಲಿ ಗಾರುಡಿಗನೊಬ್ಬನು ಆಟ ಹೂಡಿದ್ದನು. ನಾನಾಗ ಹತ್ತು ವರ್ಷದ ಹುಡುಗ. ತಮಟೆಯ ಸದ್ದಿಗೆ ಜನ ಕಲೆತು ಸುತ್ತುಗಟ್ಟಿ ನಿಂತ ಮೇಲೆ ಅವನು ಮಾವಿನ ಓಟೆಯಿಂದ ಗಿಡ ಹುಟ್ಟಿಸಿದನು. ಬರಿಯ ಬುಟ್ಟಿಯಿಂದ ಪಾರಿವಾಳವನ್ನು ಹಾರಿಸಿದನು. ಕಡೆಯ ಆಟಕ್ಕೆ ಬರುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದನು. ಹೆಚ್ಚು ಕಡಿಮೆ ನನ್ನ ವಯಸ್ಸಿನವನೇ ಆದ ಅವನ ಹುಡುಗ ನೆಲದ ಮೇಲೆ ಅಂಗಾತ ಮಲಗಿದನು. ಅವನಿಗೆ ದೊಡ್ಡದೊಂದು ದುಪ್ಪಟಿಯನ್ನು ಕೊರಳವರೆಗೆ ಹೊದಿಸಿದರು. ಒಂದು ಕಡೆ ತಲೆ, ಇನ್ನೊಂದು ಕಡೆ ಬಿಳಿಯ ಕ್ಯಾನ್ವಾಸ್ ಬೂಟು ತೊಟ್ಟ ಪಾದಗಳು, ಇಷ್ಟೇ ಹೊರಗೆ ಕಾಣುತ್ತಿದ್ದುವು. ಗಾರುಡಿಗನು ಏನನ್ನೋ ಮಣಮಣಿಸಿ ಕೈಯೆತ್ತಿದನು. ಹುಡುಗನ ದೇಹ ಮಲಗಿದ ಭಂಗಿಯಲ್ಲಿಯೇ ಮೆಲ್ಲಮೆಲ್ಲನೆ ನೆಲ ಬಿಟ್ಟು ಮೇಲೇರಿತು. ಗಾರುಡಿಗನ ಸೊಂಟದ ಎತ್ತರವನ್ನೂ ಮೀರಿ ನಿಂತಿತು. ದುಪ್ಪಟಿಯ ಅಂಚು ನೆಲದವರೆಗೆ ಜೋಲುತ್ತಿತ್ತು. ಯಾರೂ ಉಸಿರೆತ್ತಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಂಟಾಣೆಯನ್ನು ತೆಗೆದು, ಅದನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೈ ಜೋಡಿಸಿ ನಮಸ್ಕರಿಸಿದಳು.

ಆ ಹುಡುಗನು ಹೇಗೆ ಮೇಲೇರಿದನೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ಇಂತಹ ಆಟದಿಂದ ದೇಶಾಂತರದಲ್ಲಿಯೂ ಹೆಸರಾದ ಒಬ್ಬನನ್ನು ನೋಡಿಬರುವುದು ಒಳ್ಳೆಯದು.

1830ರ ಸುಮಾರಿನಲ್ಲಿ ಮದರಾಸು ಪಟ್ಟಣದಲ್ಲಿ ಶೇಷಾಲನೆಂಬ ಹೆಸರಿನಿಂದ ಪ್ರಸಿದ್ಧನಾದ ಒಬ್ಬ ವೃದ್ಧನಿದ್ದನು. ಅವನು ಗಾಳಿಯಲ್ಲಿ ಕುಳಿತುಕೊಳ್ಳುತ್ತಿದ್ದನು! ಲಂಡನ್ನಿನ ವಾರಪತ್ರಿಕೆಯೊಂದು 1832ರಲ್ಲಿ ಅವನ ಚಿತ್ರವನ್ನೂ ಆಟದ ವರ್ಣನೆಯನ್ನೂ ಅಚ್ಚು ಹಾಕಿತು. ಆ ಚಿತ್ರವನ್ನು ನೆನಪಿಗೆ ತಂದುಕೊಳ್ಳೋಣ. ಮುಂದೆ ನಾಲ್ಕು ಕಾಲಿನ ಒಂದು ಮಣೆ. ಅದರ ಮೇಲೆ ನೆಟ್ಟಗೆ ನಿಂತ ಒಂದು ಬಿದಿರ ಕೋಲು. ಕೋಲಿನ ತುದಿಯಿಂದ ಅಡ್ಡಲಾಗಿ ಚಾಚಿದ, ಜಿಂಕೆಯ ಚರ್ಮದ ಸುರುಳಿ. ಆ ಸುರುಳಿಯ ಮೇಲೆ ಮಣಿಕಟ್ಟನ್ನು ಹಗುರವಾಗಿ ಇರಿಸಿ, ಕಾಲು ಮಡಿಸಿ, ಕಣ್ಣು ಅರೆಮುಚ್ಚಿ, ಜಪಮಾಲೆ ಹಿಡಿದು ನೆಲದಿಂದ ಬಹಳಷ್ಟು ಮೇಲೆ ಕುಳಿತ ಮುದುಕ. ಅವನ ಕೆಳಗೆ ಬರಿಯ ಗಾಳಿ. ಆಟಕ್ಕೆ ಮೊದಲು ಸಹಾಯಕರು ಅವನ ಮುಂದೆ ಕಂಬಳಿಯೊಂದನ್ನು ಅಡ್ಡ ಹಿಡಿಯುತ್ತಿದ್ದರು. ಅದನ್ನು ಸರಿಸುವ ಹೊತ್ತಿಗೆ ಅವನು ಆಸನಾರೂಢನಾಗಿರುತ್ತಿದ್ದನು. ಇಳಿಯುವಾಗಲೂ ಮತ್ತೆ ಕಂಬಳಿ ಬರಬೇಕು.

ಪಾಶ್ಚಾತ್ಯ ಓದುಗರಿಗೆ ಇದು ಪೂರ್ವದೇಶದ ಗೂಢವಿದ್ಯೆಯಾಗಿ ಕಂಡಿತು. ಉಸಿರು ಬಿಗಿಹಿಡಿದು ದೇಹವನ್ನು ಹಗುರಗೊಳಿಸುತ್ತಾನೆಂದು ಕೆಲವರು ಬರೆದರು. ಉಸಿರು ಬಿಗಿಹಿಡಿದವನ ತೂಕ ಒಂದು ಗುಲಗಂಜಿಯಷ್ಟೂ ಕಡಮೆಯಾಗುವುದಿಲ್ಲವೆಂಬುದನ್ನು ಅವರು ತಕ್ಕಡಿಯಲ್ಲಿ ಪರೀಕ್ಷಿಸಿ ನೋಡಬಹುದಾಗಿತ್ತು. ಆದರೆ ವಿಸ್ಮಯಗೊಂಡ ಮನಸ್ಸು ತಕ್ಕಡಿಯನ್ನು ಹುಡುಕುವುದಿಲ್ಲ.

ಈಗ ನಾವು ತಕ್ಕಡಿಯನ್ನು ಹಿಡಿಯೋಣ. ಮುದುಕನ ತೂಕ ಐವತ್ತು ಕಿಲೋಗ್ರಾಂ ಎಂದೂ, ಅವನ ದೇಹದ ಭಾರವೆಲ್ಲ ಕೇಂದ್ರೀಕೃತವಾದಂತಿರುವ ಬಿಂದು, ಎಂದರೆ ಗುರುತ್ವಕೇಂದ್ರ, ಕೋಲಿನಿಂದ ನಲವತ್ತು ಸೆಂಟಿಮೀಟರ್ ದೂರದಲ್ಲಿದೆಯೆಂದೂ ಇಟ್ಟುಕೊಳ್ಳಿ. ಭಾರವೊಂದು ಆಸರೆಯಿಂದ ದೂರ ಸರಿದಷ್ಟೂ ಅದರ ಬಾಗಿಸುವ ಬಲ ಹೆಚ್ಚುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡು ಹೊರುವವಳಿಗೆ ಅದೇ ಕೊಡವನ್ನು ಕೈ ನೀಡಿ ಹಿಡಿಯೆಂದರೆ ಸಾಧ್ಯವೆ? ಐವತ್ತನ್ನು ನಲವತ್ತರಿಂದ ಗುಣಿಸಿದರೆ ಎರಡು ಸಾವಿರ. ಎಪ್ಪತ್ತು ಸೆಂಟಿಮೀಟರ್ ಉದ್ದದ ತೋಳನ್ನು ನೇರವಾಗಿ ಚಾಚಿ, ಅದರ ತುದಿಯಲ್ಲಿ ಸುಮಾರು ಇಪ್ಪತ್ತೆಂಟೂವರೆ ಕಿಲೋಗ್ರಾಂ ತೂಕವನ್ನು ಅಲುಗಾಡದೆ ಹಿಡಿದಿರುವುದಕ್ಕೆ ಇದು ಸಮಾನ. ಗರಡಿಯ ಪೈಲ್ವಾನನಿಗೂ ಇದು ಹೆಚ್ಚು ಹೊತ್ತು ಆಗದ ಮಾತು. ವೃದ್ಧನ ಮಣಿಕಟ್ಟಿಗಂತೂ ಎಂದಿಗೂ ಆಗದು. ಆದುದರಿಂದ ಅವನನ್ನು ಹೊತ್ತಿರುವುದು ಅವನ ಕೈಯಲ್ಲ, ಬೇರೆ ಏನೋ ಇದೆ. ಅದು ಎಲ್ಲಿದೆ?

ಉತ್ತರವು ಎಲ್ಲರ ಕಣ್ಣ ಮುಂದೆಯೇ ಇದೆ. ಬಿದಿರು ಟೊಳ್ಳು, ಅದರೊಳಗೆ ಕಬ್ಬಿಣದ ಸಲಾಕಿ ಅಡಗಬಲ್ಲುದು. ಚರ್ಮದ ಸುರುಳಿಯೂ ಟೊಳ್ಳು. ಕೋಲಿನಿಂದ ಅಡ್ಡಲಾಗಿ ಹೊರಟ ಸಲಾಕಿ ಅದರೊಳಗೆ ಸಾಗಿ ಅಂಗಿಯ ತೋಳನ್ನು ಹೊಗುತ್ತದೆ. ಅಲ್ಲಿಂದ ತೋಳಿನ ಗುಂಟ ಬಂದು, ಪಕ್ಕೆಯ ಬಳಿ ಕೆಳಗಿಳಿದು, ಸಡಿಲವಾದ ನಿಲುವಂಗಿಯೊಳಗೆ ಸಣ್ಣದೊಂದು ಪೀಠವಾಗಿ ಮುಗಿಯುತ್ತದೆ. ಮುದುಕನು ಕುಳಿತಿರುವುದು ಆ ಪೀಠದ ಮೇಲೆ. ಕೋಲನ್ನು ಮಣೆಗೆ ಭದ್ರವಾಗಿ ಕಚ್ಚಿಸಲು ಹಿತ್ತಾಳೆಯ ಕುಳಿಗಳು ಬೇಕು. ಅವು ಮಣೆಯ ಮೇಲಿನ ಅಲಂಕಾರದಂತೆ ಕಾಣುತ್ತವೆ. ತೋಳು ಅಗಲವಾಗಿರುವುದು ಸಂಪ್ರದಾಯಕ್ಕಾಗಿ ಅಲ್ಲ, ಕಬ್ಬಿಣಕ್ಕಾಗಿ. ಕಂಬಳಿ ಅಡ್ಡ ಬರುವುದು ಧ್ಯಾನಕ್ಕಾಗಿ ಅಲ್ಲ, ಪೀಠವನ್ನು ಜೋಡಿಸಿ ಅದರ ಮೇಲೆ ಹತ್ತುವುದಕ್ಕಾಗಿ. ಅಲ್ಲಿ ಅಲಂಕಾರವೆಂದು ತೋರುವ ವಸ್ತು ಒಂದೂ ಕೆಲಸವಿಲ್ಲದೆ ಬಂದುದಲ್ಲ.

ಇಷ್ಟು ಹೇಳಿದರೂ ಒಂದು ತೊಡಕು ಉಳಿಯಿತು. ಮಣೆಯು ಮುದುಕನ ಕೆಳಗಿಲ್ಲ, ಪಕ್ಕದಲ್ಲಿದೆ. ಹಾಗಾದರೆ ಅದು ಏಕೆ ಮಗುಚಿಕೊಳ್ಳುವುದಿಲ್ಲ? ಯಾವ ವಸ್ತುವೇ ಆಗಲಿ, ಅದರ ಗುರುತ್ವಕೇಂದ್ರದಿಂದ ನೇರವಾಗಿ ಕೆಳಗೆ ಎಳೆದ ಲಂಬರೇಖೆಯು ಅದರ ತಳದೊಳಗೆ ಬಿದ್ದರೆ ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಆದುದರಿಂದ ಇಂತಹ ಆಟದಲ್ಲಿ ಒಂದೋ ಅಡಿಗಟ್ಟು ಬಹಳ ಭಾರವಾಗಿರಬೇಕು, ಇಲ್ಲವೆ ಅದು ಕುಳಿತವನ ಕೆಳಗಿನವರೆಗೂ ಚಾಚಿಕೊಂಡಿರಬೇಕು. ಇಂದಿಗೂ ದೊಡ್ಡ ನಗರಗಳ ಬೀದಿಗಳಲ್ಲಿ, ಅದರಲ್ಲಿಯೂ ಯುರೋಪಿನ ಚೌಕಗಳಲ್ಲಿ, ಕೋಲು ಹಿಡಿದು ಗಾಳಿಯಲ್ಲಿ ಕುಳಿತು ಕಾಸು ಬೇಡುವವರಿದ್ದಾರೆ. ಅವರ ಕೆಳಗೆ ತಪ್ಪದೆ ಒಂದು ಜಮಖಾನೆ ಹಾಸಿರುತ್ತದೆ. ಅದರಡಿಯಲ್ಲಿ ಅಗಲವಾದ ಉಕ್ಕಿನ ಹಲಗೆ. ಶೇಷಾಲನ ವಿದ್ಯೆ ಎರಡು ಶತಮಾನ ಬಾಳಿ ಬಂದಿದೆ. 1936ರಲ್ಲಿ ದಕ್ಷಿಣ ಭಾರತದ ಸುಬ್ಬಯ್ಯ ಪುಲವರ್ ಎಂಬವನು ಬಟ್ಟೆ ಸುತ್ತಿದ ಕೋಲೊಂದಕ್ಕೆ ಕೈ ತಾಗಿಸಿ ಗಾಳಿಯಲ್ಲಿ ಮಲಗಿದ ಛಾಯಾಚಿತ್ರಗಳು ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕವನ್ನು ಬೆರಗುಗೊಳಿಸಿದುವು. ಆ ಚಿತ್ರಗಳನ್ನು ನೋಡುವವರೆಲ್ಲ ತೇಲುವ ದೇಹವನ್ನು ದಿಟ್ಟಿಸುತ್ತಾರೆ, ದಿಟ್ಟಿಸಬೇಕಾದುದು ಕೋಲನ್ನು.

ಇದೇ ಉಪಾಯವನ್ನು ರಂಗಭೂಮಿಗೆ ತಂದು ಅದಕ್ಕೆ ವಿಜ್ಞಾನದ ವೇಷ ತೊಡಿಸಿದವನು ಫ್ರಾನ್ಸಿನ ರಾಬರ್ಟ್ ಹೂಡಿನ್. ಅವನು ಮೂಲತಃ ಗಡಿಯಾರದ ಕುಶಲಕರ್ಮಿ. ಶಸ್ತ್ರಚಿಕಿತ್ಸೆಯಲ್ಲಿ ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿ ರೋಗಿಗೆ ನೋವು ತಿಳಿಯದಂತೆ ಮಾಡುವ ಪದ್ಧತಿ ಆಗತಾನೆ ಬಳಕೆಗೆ ಬಂದಿತ್ತು. ಎಲ್ಲರ ಬಾಯಲ್ಲಿಯೂ ಈಥರಿನ ಮಾತೇ. 1847ರಲ್ಲಿ ಹೂಡಿನ್ ಪ್ಯಾರಿಸ್ಸಿನ ತನ್ನ ರಂಗಮಂದಿರದಲ್ಲಿ, ಈಥರಿಗೆ ಮನುಷ್ಯದೇಹವನ್ನು ಹಗುರಗೊಳಿಸುವ ಗುಣವೂ ಇದೆಯೆಂದು ಗಂಭೀರವಾಗಿ ಸಾರಿದನು. ತನ್ನ ಪುಟ್ಟ ಮಗನನ್ನು ಕಾಲ್ಮಣೆಯ ಮೇಲೆ ನಿಲ್ಲಿಸಿ, ಅವನ ಎರಡು ತೋಳುಗಳಿಗೂ ಎರಡು ಕೋಲುಗಳ ಆಸರೆ ಕೊಟ್ಟು, ಮೂಗಿಗೆ ಸೀಸೆಯನ್ನು ಹಿಡಿದನು. ಹುಡುಗನ ತಲೆ ಜೋಲಿತು. ಹೂಡಿನ್ ಕಾಲ್ಮಣೆಯನ್ನು ಎಳೆದನು, ಹುಡುಗ ಬೀಳಲಿಲ್ಲ. ಒಂದು ಕೋಲನ್ನು ತೆಗೆದನು, ಆಗಲೂ ಬೀಳಲಿಲ್ಲ. ಕಡೆಗೆ ಒಂದು ಬೆರಳಿನಿಂದ ಹುಡುಗನ ದೇಹವನ್ನು ಮೇಲೆತ್ತಿ ಅಡ್ಡಲಾಗಿ ಮಲಗಿಸಿದನು. ಮೊಣಕೈಯೊಂದು ಕೋಲಿನ ತುದಿಯನ್ನು ತಾಗಿದ್ದುದಷ್ಟೇ ಕಾಣುವ ಆಸರೆ.

ಸೀಸೆ ಬರಿದಾಗಿತ್ತು. ತೆರೆಯ ಹಿಂದೆ ಕಾದ ಕಬ್ಬಿಣದ ಮೇಲೆ ಸುರಿದ ಈಥರ್ ತನ್ನ ವಾಸನೆಯನ್ನು ಸಭೆಯ ತುಂಬ ಹರಡುತ್ತಿತ್ತು. ಮಗನ ಉಡುಪಿನೊಳಗೆ ಎದೆಯಿಂದ ತೊಡೆಯವರೆಗೆ ಲೋಹದ ಕಟ್ಟೊಂದು ಬಿಗಿದಿತ್ತು. ಮೊಣಕೈಯ ಬಳಿ ಅದು ಕೋಲಿನ ತುದಿಗೆ ಕಚ್ಚಿಕೊಳ್ಳುತ್ತಿತ್ತು. ಅಲ್ಲಿದ್ದ ಹಲ್ಲುಚಕ್ರ ಒಂದೇ ದಿಕ್ಕಿಗೆ ತಿರುಗಬಲ್ಲುದಾದ್ದರಿಂದ, ಮೇಲಕ್ಕೆತ್ತಿದ ದೇಹ ಮತ್ತೆ ಕೆಳಗಿಳಿಯುತ್ತಿರಲಿಲ್ಲ. ನಮ್ಮ ಹಳೆಯ ಗೋಡೆಗಡಿಯಾರಕ್ಕೆ ಕೀಲಿ ಕೊಡುವಾಗ ಕಟಕಟವೆಂದು ಕೇಳಿಬರುವುದು ಇಂತಹುದೇ ಚಕ್ರದ ಸದ್ದು. ಗಡಿಯಾರದವನು ತನಗೆ ತಿಳಿದುದನ್ನೇ ಮಗನ ಮೈಗೆ ತೊಡಿಸಿದ್ದನು. ಎಳೆಯ ಮಗುವಿಗೆ ಔಷಧಿ ಮೂಸಿಸಿ ಅದರ ಆರೋಗ್ಯ ಕೆಡಿಸುತ್ತಿರುವ ನೀನೆಂತಹ ತಂದೆಯೆಂದು ಆಕ್ಷೇಪಿಸಿ ಜನರು ಕಾಗದ ಬರೆದರಂತೆ. ಇಲ್ಲದ ಈಥರಿಗಾಗಿ ಅಷ್ಟು ಮರುಕ. ಇದ್ದ ಕಬ್ಬಿಣ ಯಾರ ಕಣ್ಣಿಗೂ ಬೀಳಲಿಲ್ಲ!

ಇದೇ ಹೂಡಿನ್‌ನನ್ನು ಫ್ರೆಂಚ್ ಸರಕಾರವು 1856ರಲ್ಲಿ ಆಲ್ಜೀರಿಯಕ್ಕೆ ಕಳುಹಿಸಿತು. ಅಲ್ಲಿಯ ಧಾರ್ಮಿಕ ಮುಖಂಡರ ಪ್ರಭಾವವನ್ನು ಕುಗ್ಗಿಸಿ, ಫ್ರೆಂಚರ ಶಕ್ತಿಯೇ ಹಿರಿದೆಂದು ತೋರಿಸುವುದು ಉದ್ದೇಶ. ಅವನು ಒಂದು ಚಿಕ್ಕ ಪೆಟ್ಟಿಗೆಯನ್ನು ವೇದಿಕೆಯ ಮೇಲಿರಿಸಿ, ಅಲ್ಲಿಯ ಬಲಿಷ್ಠನೊಬ್ಬನನ್ನು ಕರೆದು ಎತ್ತಲು ಹೇಳಿದನು. ಮೊದಲು ಸುಲಭವಾಗಿ ಎತ್ತಿದವನು ಎರಡನೆಯ ಸಲ ಎಷ್ಟು ಹೆಣಗಿದರೂ ಅದನ್ನು ಕದಲಿಸಲಾರದೆ ಹೋದನು. ವೇದಿಕೆಯ ಕೆಳಗೆ ವಿದ್ಯುತ್ಕಾಂತವೊಂದಿತ್ತು. ಮಗನನ್ನು ಎತ್ತಿ ಹಿಡಿದ ಬಲವನ್ನು ಮರೆಸಿದವನು ಇಲ್ಲಿ ಕೆಳಕ್ಕೆ ಸೆಳೆಯುವ ಬಲವನ್ನು ಮರೆಸಿದ್ದನು. ಹೂಡಿನ್‌ನ ಕೌಶಲವನ್ನು ಮೆಚ್ಚುವ ನಾನು ಈ ಪ್ರಸಂಗವನ್ನು ಮೆಚ್ಚಲಾರೆ. ಮೂಢನಂಬಿಕೆಯನ್ನು ಕಳೆಯುವ ಹೆಸರಿನಲ್ಲಿ ಪರರ ನಾಡಿನ ಮೇಲೆ ಇನ್ನೊಂದು ಮೂಢನಂಬಿಕೆಯನ್ನು ಹೇರಿದಂತಾಯಿತು.

ಮುಂದೆ ಇಂಗ್ಲೆಂಡಿನ ಮ್ಯಾಸ್ಕೆಲಿನ್, ಅಮೆರಿಕದ ಕೆಲ್ಲರ್ ಮೊದಲಾದವರು ಕೋಲನ್ನೂ ತೆಗೆದುಹಾಕಿ, ಮಲಗಿದ ಸ್ತ್ರೀಯನ್ನು ರಂಗದ ನಡುವೆ ತೇಲಿಸಿದರು. ಅವಳನ್ನು ಹೊತ್ತದ್ದು ಕಣ್ಣಿಗೆ ಕಾಣದಷ್ಟು ತೆಳುವಾದ ಹಲವಾರು ತಂತಿಗಳು. ಮರೆಯಲ್ಲಿ ಅವಳ ತೂಕಕ್ಕೆ ಸರಿಯಾದ ಭಾರದ ಕಲ್ಪನೆ, ಬಾವಿಯ ಏತದಲ್ಲಿರುವಂತೆ. ತೇಲುವವಳ ಸುತ್ತ ಬಳೆಯೊಂದನ್ನು ದಾಟಿಸಿ ತೋರಿಸುವುದು ಇನ್ನೊಂದು ಬಗೆ. ಇದರಲ್ಲಿ ಹಿಂದಿನಿಂದ ಬರುವ ಉಕ್ಕಿನ ಸಲಾಕಿಯು ಹಂಸದ ಕೊರಳಿನಂತೆ ಬಳುಕಿರುತ್ತದೆ. ಬಳೆಯು ಆ ಬಳುಕಿನೊಳಗೆ ಹೋಗಿ ನಿಲ್ಲುವುದು ಪ್ರೇಕ್ಷಕರಿಗೆ ತಿಳಿಯದು. ಎರಡನೆಯ ಸಲ ಬೇರೆ ಮಾರ್ಗವಾಗಿ ತಂದು ಅದನ್ನು ಬಿಡಿಸಿಕೊಳ್ಳುತ್ತಾರೆ. ಆದುದರಿಂದಲೇ ಬಳೆಯನ್ನು ಒಂದು ಸಲವಲ್ಲ, ಎರಡು ಸಲ ದಾಟಿಸುವುದು.

ಬೀಳಬೇಕಾದುದು ಬೀಳದೆ ನಿಲ್ಲುವ ಎಲ್ಲ ಆಟಗಳಲ್ಲಿಯೂ ಕಬ್ಬಿಣವೇ ಇರಬೇಕೆಂದಿಲ್ಲ. ಕೆಲವೆಡೆ ಭಾರವು ಎಲ್ಲಿದೆಯೆಂಬುದೇ ಗುಟ್ಟು. ತಂಜಾವೂರಿನ ಬೊಂಬೆಯನ್ನು ಎಷ್ಟು ಸಲ ಕೆಡವಿದರೂ ಎದ್ದು ಕೂರುತ್ತದೆ. ಅದರ ತಳ ಗುಂಡಗಿದೆ, ಭಾರವೆಲ್ಲ ತಳದಲ್ಲಿದೆ. ಬೊಂಬೆ ವಾಲಿದಾಗ ಅದರ ಗುರುತ್ವಕೇಂದ್ರ ಮೇಲೇರುತ್ತದೆ. ಕೈ ಬಿಟ್ಟೊಡನೆ ಅದು ಮತ್ತೆ ತಗ್ಗಿಗೆ ಇಳಿಯಬಯಸುತ್ತದೆ. ಕೊಕ್ಕನ್ನು ಬೆರಳ ತುದಿಗೆ ಊರಿ ರೆಕ್ಕೆ ಚಾಚಿ ನಿಲ್ಲುವ ಆಟದ ಹಕ್ಕಿಯನ್ನು ನೀವು ನೋಡಿರಬಹುದು. ಅದರ ರೆಕ್ಕೆಗಳ ತುದಿಯಲ್ಲಿ ಭಾರವಿರಿಸಿ, ಅವು ಕೊಕ್ಕಿಗಿಂತ ಮುಂದೆಯೂ ಕೆಳಗೂ ಬರುವಂತೆ ಮಾಡಿರುತ್ತಾರೆ. ನಮಗೆ ಹಕ್ಕಿಯ ಭಾರವೆಲ್ಲ ಕೊಕ್ಕಿನ ಹಿಂದಿರುವಂತೆ ತೋರುತ್ತದೆ. ವಾಸ್ತವವಾಗಿ ಅದು ಕೊಕ್ಕಿನ ಅಡಿಯಲ್ಲಿಯೇ ಜೋತಾಡುತ್ತಿರುತ್ತದೆ.

ನಮ್ಮ ದೇಹವೂ ಈ ನಿಯಮಕ್ಕೆ ಹೊರಗಲ್ಲ. ಬಲಗಾಲಿನ ಅಂಚೂ ಬಲಭುಜವೂ ಗೋಡೆಗೆ ತಾಗುವಂತೆ ನಿಂತು ಎಡಗಾಲನ್ನು ಮೇಲೆತ್ತಲು ಪ್ರಯತ್ನಿಸಿ. ಆಗುವುದಿಲ್ಲ. ಒಂಟಿಕಾಲಿನಲ್ಲಿ ನಿಲ್ಲುವಾಗ ನಾವು ತಿಳಿಯದೆಯೇ ಮೈಯನ್ನು ಆ ಕಾಲಿನ ಮೇಲಕ್ಕೆ ವಾಲಿಸುತ್ತೇವೆ. ಗೋಡೆ ಅದಕ್ಕೆ ಅಡ್ಡಿಯಾಗುತ್ತದೆ. ಅಮೆರಿಕದ ಗಾಯಕ ಮೈಕೆಲ್ ಜಾಕ್ಸನ್ ತನ್ನ ನೃತ್ಯದ ನಡುವೆ ಮೊಣಕಾಲನ್ನೂ ಸೊಂಟವನ್ನೂ ಬಗ್ಗಿಸದೆ ನಲವತ್ತೈದು ಡಿಗ್ರಿಯಷ್ಟು ಮುಂದಕ್ಕೆ ಬಾಗಿ, ಬೀಳದೆ ನಿಲ್ಲುತ್ತಿದ್ದನು. ಸಾಮಾನ್ಯರು ಅದರ ಅರ್ಧದಷ್ಟು ಬಾಗುವುದೂ ಕಷ್ಟ. 1988ರ ಚಲನಚಿತ್ರದಲ್ಲಿ ಅವನನ್ನು ತಂತಿಗಳು ಹಿಡಿದಿದ್ದುವು. ರಂಗಪ್ರದರ್ಶನಕ್ಕಾಗಿ ಅವನೂ ಇನ್ನಿಬ್ಬರೂ ಸೇರಿ ವಿಶೇಷವಾದ ಬೂಟನ್ನು ರೂಪಿಸಿದರು. 1993ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಹಿಮ್ಮಡಿಯಲ್ಲಿ ಒಂದು ಸೀಳು. ಸರಿಯಾದ ಗಳಿಗೆಗೆ ನೆಲದಿಂದ ಮೇಲೇಳುವ ಮೊಳೆಯೊಂದು ಆ ಸೀಳಿಗೆ ಕಚ್ಚಿಕೊಳ್ಳುತ್ತದೆ. ಆಗ ಅವನ ತಳ ಕೇವಲ ಪಾದವಲ್ಲ, ಇಡೀ ರಂಗಭೂಮಿ. ಆದರೂ ಕಾಲಿನ ಮತ್ತು ಬೆನ್ನಿನ ಸ್ನಾಯುಗಳು ಆ ಬಾಗನ್ನು ತಡೆದುಕೊಳ್ಳಬೇಕಲ್ಲವೆ? ಮೊಳೆಯೊಂದೇ ಅದನ್ನು ಮಾಡಿಕೊಡದು.

ಇವರೆಲ್ಲರ ನಡುವೆ ಮರೆಮಾಚುವುದೇನೂ ಇಲ್ಲದವಳು ದೊಂಬರ ಹುಡುಗಿ. ಹಗ್ಗದ ಮೇಲೆ ನಡೆಯುವಾಗ ಅವಳ ಕೈಯಲ್ಲಿರುವ ಉದ್ದನೆಯ ಬಿದಿರ ಗಳವೇ ಅವಳ ಯಂತ್ರ, ಅದೂ ಎಲ್ಲರಿಗೆ ಕಾಣುವಂತಹುದು. ಭಾರವು ನಡುವಿನಿಂದ ದೂರ ಹರಡಿದಷ್ಟೂ ವಸ್ತುವೊಂದು ವಾಲುವುದು ನಿಧಾನವಾಗುತ್ತದೆ. ಹಾಗಾಗಿ ಕಾಲು ತಪ್ಪಿದೊಡನೆ ಅವಳು ಮಗುಚುವುದಿಲ್ಲ; ಸರಿಪಡಿಸಿಕೊಳ್ಳಲು ಒಂದು ಕ್ಷಣದ ಬಿಡುವು ದೊರೆಯುತ್ತದೆ. ಗಳದ ತುದಿಗಳು ಕೆಳಕ್ಕೆ ಬಾಗಿದ್ದರೆ ಗುರುತ್ವಕೇಂದ್ರವೂ ಕೊಂಚ ತಗ್ಗುತ್ತದೆ. ಅಷ್ಟೇ ಅವಳಿಗೆ ಸಿಕ್ಕುವ ಸಹಾಯ. ಬಿದ್ದರೆ ಕೆಳಗೆ ಗಟ್ಟಿ ನೆಲ. ಇಷ್ಟಾದರೂ ಅವಳ ತಟ್ಟೆಗೆ ಬೀಳುವ ಕಾಸು ಗಾರುಡಿಗನ ತಟ್ಟೆಗಿಂತ ಕಡಮೆಯೆಂಬುದನ್ನು ನಾನು ಅನೇಕ ಜಾತ್ರೆಗಳಲ್ಲಿ ಕಂಡಿದ್ದೇನೆ.

ಆಟವೆಂದು ಹೇಳಿ ಆಡುವ ಗಾರುಡಿಗನೊಡನೆ ನನಗೆ ಜಗಳವಿಲ್ಲ. ಅವನ ಗುಟ್ಟು ಅವನ ಅನ್ನ. ಆದರೆ ಅದೇ ಸಲಾಕಿಯ ಮೇಲೆ ಕುಳಿತು, ಇದು ತಪಸ್ಸಿನ ಸಿದ್ಧಿ, ನನ್ನನ್ನು ನಂಬಿದರೆ ನಿಮ್ಮ ರೋಗ ವಾಸಿಯಾಗುವುದು ಎನ್ನುವವನ ಮಾತು ಬೇರೆ. ವೈದ್ಯರಲ್ಲಿಗೆ ಹೋಗಬೇಕಾದ ರೋಗಿ ಅವನಲ್ಲಿಗೆ ಹೋಗುತ್ತಾನೆ. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ಇದರಿಂದ ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಪರೀಕ್ಷೆಗೆ ಒಳಪಡುವುದು ಅವಮಾನವೆಂದು ಕೆಲವರು ವಾದಿಸಿದರು. ಶಾಲೆಯಲ್ಲಿ ವರ್ಷಕ್ಕೆ ಮೂರು ಸಲ ಪರೀಕ್ಷೆಗೆ ಕುಳಿತ ಮಕ್ಕಳಿಗೆ ಈ ವಾದ ಹೇಗೆ ಕಂಡೀತೋ!

ಇನ್ನು ನಮ್ಮೂರಿನ ಹುಡುಗನ ವಿಷಯ. ಮರುದಿನ ಬೆಳಗ್ಗೆ ಕೆರೆಯ ಏರಿಯ ಬಳಿ ಅವರ ಗಾಡಿ ನಿಂತಿತ್ತು. ಹುಡುಗ ಬರಿಗಾಲಿನಲ್ಲಿ ನೀರು ಹೊರುತ್ತಿದ್ದನು. ನನಗೆ ಸೋಜಿಗವಾಯಿತು. ಹಗಲೆಲ್ಲ ಬರಿಗಾಲಿನವನಿಗೆ ಸಂಜೆಯ ಆಟಕ್ಕೆ ಮಾತ್ರ ಬೂಟುಗಳೇಕೆ? ಗಾಡಿಯ ಹಿಂದೆ ಇಣುಕಿದೆನು. ಎರಡು ಉದ್ದನೆಯ ಕೋಲುಗಳು ಅಲ್ಲಿ ಒರಗಿದ್ದುವು. ಅವುಗಳ ತುದಿಗೆ ಅದೇ ಬಿಳಿಯ ಬೂಟುಗಳನ್ನು ಹುರಿಯಿಂದ ಬಿಗಿಯಲಾಗಿತ್ತು. ಕ್ಷಣದಲ್ಲಿ ಎಲ್ಲವೂ ತಿಳಿದುಹೋಯಿತು. ದುಪ್ಪಟಿಯ ಅಡಿಯಲ್ಲಿ ಹುಡುಗನು ಆ ಕೋಲುಗಳನ್ನು ಮುಂದಕ್ಕೆ ಚಾಚಿ ಹಿಡಿದು, ತನ್ನ ನಿಜವಾದ ಕಾಲುಗಳ ಮೇಲೆ ಮೆಲ್ಲನೆ ಎದ್ದು ನಿಂತಿದ್ದನು. ಮಲಗಿದವನಂತೆ ಕಾಣಲು ತಲೆಯನ್ನು ಹಿಂದಕ್ಕೆ ಪೂರ್ತಿ ಬಾಗಿಸಿದ್ದನು. ಅವನು ಗಾಳಿಯಲ್ಲಿ ಮಲಗಿರಲಿಲ್ಲ. ನಮ್ಮೆಲ್ಲರಂತೆ ನೆಲದ ಮೇಲೆಯೇ ನಿಂತಿದ್ದನು!

ನನ್ನನ್ನು ಕಂಡ ಹುಡುಗ ಕೊಡವನ್ನು ಇಳಿಸಿ, ಒಂದು ಕೈಯಿಂದ ಕತ್ತನ್ನು ಒತ್ತಿಕೊಳ್ಳುತ್ತ, "ಯಾರಿಗೂ ಹೇಳಬೇಡ, ಇವತ್ತೂ ಆಟ ಇದೆ" ಎಂದನು. ನಾನು ತಲೆಯಾಡಿಸಿದೆನು. ಆದರೆ ಮನೆಗೆ ಬಂದ ಮೇಲೆ ಅಜ್ಜಿಗೊಬ್ಬಳಿಗೆ ಹೇಳದೆ ಇರಲಾಗಲಿಲ್ಲ. ಅವಳು ಎಂಟಾಣೆ ದಂಡವಾಯಿತೆಂದು ಕೋಪಿಸಿಕೊಳ್ಳುವಳೆಂದು ನನ್ನ ಎಣಿಕೆ. ಕೋಲು, ಬೂಟು, ದುಪ್ಪಟಿ ಎಲ್ಲವನ್ನೂ ಅಭಿನಯಿಸಿ ತೋರಿಸಿದೆನು. ಅಜ್ಜಿ ಒರಳಿನ ಮುಂದೆ ಕುಳಿತಿದ್ದವಳು ಕೈ ನಿಲ್ಲಿಸಿ ಕೇಳಿದಳು. "ಅಷ್ಟು ಹೊತ್ತೂ ಕತ್ತು ಹಾಗೇ ಹಿಂದಕ್ಕೆ ಬಗ್ಗಿಸಿಕೊಂಡೇ ನಿಂತಿದ್ದನೇನೋ ಆ ಮಗು?" ಎಂದಳು.

ಆಮೇಲೆ ಒಳಗೆ ಹೋಗಿ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಚಿಕ್ಕ ಸೀಸೆಯೊಂದಕ್ಕೆ ಬಗ್ಗಿಸಿ, ನನ್ನ ಕೈಗೆ ಕೊಟ್ಟಳು. ಸಂಜೆಯ ತಮಟೆ ಬಾರಿಸುವುದಕ್ಕೆ ಮೊದಲು ಅದನ್ನು ಅವನಿಗೆ ತಲುಪಿಸಿ ಬಂದೆನು.